ಚಳಿಗೆ ಹೆದರದ ಮದ್ದು

ಚಳಿಗಾಲದ ಬೇಟೆಗೆ ಯಾವ ಕೋವಿಮದ್ದನ್ನು ನಂಬಬಹುದು ಎಂಬ ವಿಷಯದಲ್ಲಿ ನಮ್ಮ ಪೆನ್ಸಿಲ್ವೇನಿಯಾದಲ್ಲಿ ನನ್ನಷ್ಟು ತಿಳಿದವರು ಕಡಿಮೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳದೆ ಇರುವುದರಿಂದ ಹೇಳಬೇಕಾಗಿ ಬಂದಿದೆ. ಈ ಜನವರಿಯಲ್ಲಿ ನಡೆದದ್ದನ್ನು ಮರ್ಲ್ ಡಂಕಲ್‌ಬರ್ಗರ್ ಎಂಬ ಮನುಷ್ಯ ಊರೆಲ್ಲ ಸಾರಿಕೊಂಡು ತಿರುಗುತ್ತಿದ್ದಾನೆ. ಅವನ ಕಥೆಯಲ್ಲಿ ಜಿಂಕೆ ನಕ್ಕಿತು ಎಂಬ ಮಾತೂ ಸೇರಿಕೊಂಡಿದೆಯಂತೆ. ಜಿಂಕೆ ನಗಲಿಲ್ಲ. ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಅದರ ಮುಖ ನೋಡಿದವನು ನಾನು, ಮರ್ಲ್ ಅಲ್ಲ.

ನನ್ನ ಹೆಸರು ಎಮರಿ ಫೆಟರಾಲ್ಫ್. ಕಲ್ಲಿದ್ದಲ ಊರಿನಲ್ಲಿ ಶಾಲಾ ಬಸ್ಸು ಓಡಿಸುತ್ತೇನೆ. ನಮ್ಮಲ್ಲಿ ಕ್ರಿಸ್ಮಸ್ ಮುಗಿದ ಮರುದಿನ ಚಕಮಕಿ ಕೋವಿಯ ಬೇಟೆ ಶುರುವಾಗುತ್ತದೆ. ಬೇರೆ ಕೋವಿ ಮುಟ್ಟುವಂತಿಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು, ಗುಂಡನ್ನು ಗಜದ ಕೋಲಿನಿಂದ ಒಳಕ್ಕೆ ಗಿಡಿಯಬೇಕು, ಪಕ್ಕದ ಪುಟ್ಟ ಬಟ್ಟಲಿಗೆ ರಂಜಕದ ಪುಡಿ ಚಿಟಿಕೆ ಹಾಕಬೇಕು, ಆಮೇಲೆ ಕಲ್ಲಿನ ಕಿಡಿ ರಂಜಕಕ್ಕೆ, ರಂಜಕದ ಉರಿ ಒಳಗಿನ ಮದ್ದಿಗೆ ಹತ್ತಬೇಕು. ಇಷ್ಟೆಲ್ಲ ಆಗುವವರೆಗೆ ಜಿಂಕೆ ದಯವಿಟ್ಟು ನಿಂತಿರಬೇಕು.

ನಾವು ಬೇಟೆಗೆ ಹೋಗುವುದು ಪಾಟರ್ ಕೌಂಟಿಯ ಕಾಡಿನಲ್ಲಿರುವ ಹಳೆಯ ಕ್ಯಾಂಪಿಗೆ. ಅಲ್ಲಿ ಒಂದು ಕಾನೂನಿದೆ. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಬಾಲವನ್ನು, ಅಂದರೆ ಹಿಂದೆ ಇಳಿಬಿದ್ದ ಅಂಚನ್ನು, ಎಲ್ಲರೆದುರು ಕತ್ತರಿಸಿ ಹೆಸರು, ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಗೋಡೆಯ ಮೇಲೆ ಪಾದ್ರಿಯದ್ದಿದೆ, ನ್ಯಾಯಾಧೀಶರೊಬ್ಬರದ್ದಿದೆ, ಮರ್ಲನದ್ದು ಏಳಿವೆ. ಫೆಟರಾಲ್ಫ್ ಎಂಬ ಹೆಸರು ಮಾತ್ರ ಇಲ್ಲ. ನನ್ನಪ್ಪ ಹಿರಾಮ್ ಫೆಟರಾಲ್ಫ್ ಒಂದೇ ಕೆಂಪು-ಕಪ್ಪು ಚೌಕುಳಿಯ ಉಣ್ಣೆ ಅಂಗಿ ತೊಟ್ಟು ಇಪ್ಪತ್ತೇಳು ಚಳಿಗಾಲ ಅಲ್ಲಿ ಬೇಟೆಯಾಡಿ, ಅಂಗಿಯನ್ನು ಇಡಿಯಾಗಿ ನನಗೆ ಬಿಟ್ಟುಹೋದರು. ಅವರು ತೀರಿಕೊಂಡು ಒಂಬತ್ತು ವರ್ಷ. ಅಷ್ಟೂ ವರ್ಷ ಅದನ್ನು ನಾನು ತೊಟ್ಟಿದ್ದೇನೆ, ಒಂದು ನೂಲೂ ಹೋಗಿಲ್ಲ. ಹೆಚ್ಚಾಗಿ ನನಗೆ ಜಿಂಕೆಯೇ ಕಾಣಿಸುವುದಿಲ್ಲ ಎಂಬುದು ಬೇರೆ ಮಾತು.

ಹೋದ ನವೆಂಬರಿನಲ್ಲಿ ಮರ್ಲ್ ನನ್ನ ಬಸ್ಸಿನ ಬಾಗಿಲಿಗೆ ಬಂದು, "ಎಮರಿ, ಆ ಹಳೇ ಕರಿಮದ್ದು ಬಿಡೋ. ಈಗ ಹೊಸಾ ಬದಲಿ ಮದ್ದು ಬಂದಿದೆ. ಹೊಗೆ ಇಲ್ಲ, ವಾಸನೆ ಇಲ್ಲ, ಕೋವಿ ತೊಳೆಯೋ ರಗಳೆ ಇಲ್ಲ" ಎಂದ.

"ಕಲ್ಲಿನ ಕಿಡಿಗೆ ಅದು ಹತ್ತಲ್ಲ ಕಣೋ. ಅದೂ ಚಳೀಲಿ!"

"ನಿನಗೆ ಹೇಗೆ ಗೊತ್ತು? ಪರೀಕ್ಷೆ ಮಾಡಿದ್ದೀಯಾ?"

ಹಿಂದೆ ಕೂತಿದ್ದ ನಲವತ್ತು ಮಕ್ಕಳೂ ನನ್ನ ಉತ್ತರಕ್ಕೆ ಕಾಯುತ್ತಿದ್ದವು. "ಮಾಡ್ತಾ ಇದ್ದೀನಿ" ಎಂದುಬಿಟ್ಟೆ. ಹೀಗೆ ಪರೀಕ್ಷೆ ಮಾಡಲೇಬೇಕಾಯಿತು. ಇದರಲ್ಲಿ ನನ್ನ ತಪ್ಪೇನಿದೆ, ಹೇಳಿ.

ಮೂರು ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿದೆ. ಒಂದಕ್ಕೆ ದಪ್ಪ ಕಾಳಿನ ಕರಿಮದ್ದು, ಇನ್ನೊಂದಕ್ಕೆ ಸಣ್ಣ ಕಾಳಿನದ್ದು, ಮೂರನೆಯದಕ್ಕೆ ಮರ್ಲನ ಬದಲಿ ಮದ್ದು. ಮೂರನ್ನೂ ಒಂದು ವಾರ ಅಡುಗೆಮನೆಯ ಫ್ರೀಜರಿನಲ್ಲಿಟ್ಟೆ. ಬೆಚ್ಚಗಿರುವ ಮನೆಯಿಂದ ಮದ್ದನ್ನು ಒಮ್ಮೆಲೇ ಚಳಿಗೆ ಒಯ್ದರೆ ಅದು ಬೆವರುತ್ತದೆ, ಆದ್ದರಿಂದ ಡಿಸೆಂಬರಿನಿಂದಲೇ ಅದನ್ನು ಚಳಿಗೆ ಪಳಗಿಸಬೇಕು ಎಂಬುದು ನನ್ನ ಸ್ವಂತ ಸಿದ್ಧಾಂತ. ಏಳನೇ ದಿನ ಹಿತ್ತಿಲಲ್ಲಿ ಸಲಿಕೆಯ ಮೇಲೆ ಒಂದೊಂದು ಚಮಚ ಸುರಿದು ಚಕಮಕಿ ಬಡಿದೆ. ಬದಲಿ ಮದ್ದು ನಾನು ಹೇಳಿದ ಹಾಗೆಯೇ ಸುಮ್ಮನೆ ಬಿದ್ದಿತ್ತು. ದಪ್ಪ ಕಾಳು ಯೋಚನೆ ಮಾಡಿ ಹತ್ತಿತು. ಸಣ್ಣ ಕಾಳು ಬುಸ್ಸೆಂದು ಎದ್ದು ನನ್ನ ಎಡಹುಬ್ಬನ್ನು ತೆಗೆದುಕೊಂಡು ಹೋಯಿತು. ಗೆದ್ದದ್ದು ಅದೇ.

ಬೇಲಿಯಾಚೆಯ ಜರ್ಬಿ ಮುದುಕಿ ಹೊಗೆ ಕಂಡು ಫೋನು ಮಾಡಿದ್ದರಿಂದ ಅಗ್ನಿಶಾಮಕ ದಳ ಎರಡು ಬಂಡಿಗಳಲ್ಲಿ ಬಂತು. ನಮ್ಮೂರಿನ ದಳದವರೆಲ್ಲ ಬೇಟೆಗಾರರೇ. ಮುಖ್ಯಸ್ಥ ಹೆಲ್ಮೆಟ್ ತೆಗೆದು, "ಯಾವುದಪ್ಪಾ ಗೆದ್ದಿದ್ದು?" ಎಂದು ಕೇಳಿ, ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ನನ್ನ ವಿದ್ಯೆಗೆ ಸಿಕ್ಕ ಮೊದಲ ಮತ್ತು ಕೊನೆಯ ಸರ್ಕಾರಿ ಮನ್ನಣೆ ಅದು.

ಹೆಂಡತಿ ಪಾಲೆಟ್ ಮಾತ್ರ ಮನ್ನಣೆ ಕೊಡಲಿಲ್ಲ. "ನನ್ನ ಕೋಳಿ ಪಕ್ಕ ಸಿಡಿಮದ್ದು ಇಡ್ತೀರಾ? ಈಗಿಂದೀಗ್ಲೇ ತೆಗೀರಿ! ಇಲ್ಲಾಂದ್ರೆ ನೀವೂ ಅದರ ಜೊತೆ ಆಚೆ ಮಲ್ಕೊಳ್ಳಿ!"

ಗೆದ್ದ ಬಾಟಲಿಯನ್ನಷ್ಟೇ ಉಳಿಸಿಕೊಂಡು ಗ್ಯಾರೇಜಿನ ದೊಡ್ಡ ಫ್ರೀಜರಿಗೆ ಸಾಗಿಸಿದೆ. ಅಲ್ಲಿ ಅತ್ತೆಯ ಸಾಮಾನೂ ಇರುತ್ತದೆ. ಅತ್ತೆ ಪೆಲಾಜಿಯಾ ಪೂರ್ವ ಯುರೋಪಿನಿಂದ ಬಂದ ರುಸಿನ್ ಪಂಗಡದವರು. ಹಳೆಯ ಪಂಚಾಂಗದ ಪ್ರಕಾರ ಅವರ ಕ್ರಿಸ್ಮಸ್ ಬರುವುದು ಜನವರಿ ಏಳಕ್ಕೆ. ಹಿಂದಿನ ಸಂಜೆಯ ಪವಿತ್ರ ಊಟಕ್ಕೆ ಹಿಟ್ಟಿನ ಉಂಡೆ ಬೇಯಿಸಿ, ಅರೆದ ಗಸಗಸೆ ಮತ್ತು ಜೇನುತುಪ್ಪದಲ್ಲಿ ಹೊರಳಿಸುತ್ತಾರೆ. ಗಸಗಸೆ ಅವರದೇ ಹಿತ್ತಿಲದು, ಅವರ ತಾಯಿ ಹಡಗಿನಲ್ಲಿ ತಂದ ಬೀಜದ್ದು, ಕಪ್ಪಗೆ ಮಿರುಗುವಂಥದ್ದು. ಕಮಟಬಾರದೆಂದು ಅದನ್ನೂ ಫ್ರೀಜರಿನಲ್ಲೇ ಇಡುತ್ತಾರೆ. ಅವರ ಬಾಟಲಿಯೂ ನಾನೇ ತಿಂದು ಮುಗಿಸಿದ ಉಪ್ಪಿನಕಾಯಿಯದು. ನನ್ನ ಬಾಟಲಿಗೆ ನಾನು ಹೆಸರು ಬರೆದ ಚೀಟಿ ಅಂಟಿಸಿದ್ದೆ. ಆ ಅಂಟು ಮಂಜಿಗೆ ತಾಳಲಿಲ್ಲ. ಚಳಿಗೆ ತಾಳದ ಅಂಟನ್ನು ಮಾರುವವರನ್ನು ಯಾರೂ ಕೇಳುವುದಿಲ್ಲ, ನನ್ನನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಜನವರಿ ಮೂರರ ಬೆಳಿಗ್ಗೆ ಮರ್ಲ್ ತನ್ನ ಟ್ರಕ್ಕಿನ ಹಾರ್ನು ಒತ್ತಿ ಹಿಡಿದು ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದ. ಕೈಗೆ ದಪ್ಪ ಉಣ್ಣೆಗವಸು ಹಾಕಿಕೊಂಡೇ ಫ್ರೀಜರ್ ತೆರೆದೆ, ಬಾಟಲಿ ಎತ್ತಿದೆ, ಮದ್ದು ತುಂಬಿಡುವ ಕೊಂಬಿಗೆ ಸುರಿದುಕೊಂಡೆ. ರಂಜಕದ ಪುಡಿ ಬೇರೆ ಡಬ್ಬಿಯಲ್ಲಿತ್ತು. ಕಾಳು ಸರಾಗವಾಗಿ ಇಳಿಯಿತು. ಪಳಗಿಸಿದ್ದರ ಫಲ ಎಂದು ಹಿಗ್ಗಿದೆ.

ಕ್ಯಾಂಪಿನಲ್ಲಿ ಹಿರಿಯರು ಅಮೋಸ್ ಸ್ನೇವ್ಲಿ. ಎಂಬತ್ತೆರಡು ವರ್ಷ, ಅಪ್ಪನ ಜೊತೆಗಾರರು, ಗೋಡೆಯ ಕಾನೂನಿಗೆ ಅವರೇ ನ್ಯಾಯಾಧೀಶರು. ಆ ಸಂಜೆ ಹಂದಿಮಾಂಸ, ಹುಳಿಕೋಸು ತಿನ್ನುತ್ತ ಅವರೆದುರು ನನ್ನ ಪರೀಕ್ಷೆಯನ್ನು ವಿವರವಾಗಿ ಹೇಳಿದೆ. ಎರಡು ಸಲ ಹೇಳಿದೆ ಎಂದು ಮರ್ಲ್ ಹೇಳುತ್ತಾನೆ. ಎರಡನೆಯದು ಸಾರಾಂಶ.

ಮರುದಿನ ಕೊರೆಯುವ ಚಳಿ. ಮೀಸೆಯ ಮೇಲೆ ಉಸಿರು ಗಡ್ಡೆ ಕಟ್ಟುತ್ತಿತ್ತು. ಎಂಟು ಗಂಟೆಗೆ ಹಳ್ಳದ ತಿರುವಿನಲ್ಲಿ ದೇವದಾರುಗಳ ನಡುವಿನಿಂದ ಗಂಡು ಜಿಂಕೆಯೊಂದು ಬಂದು ನಿಂತಿತು. ಹತ್ತು ಕವಲಿನ ಕೊಂಬು. ಗುರಿಯಿಟ್ಟೆ, ಟ್ರಿಗರ್ ಒತ್ತಿದೆ. ಬಟ್ಟಲಿನ ರಂಜಕ ಫಕ್ಕನೆ ಉರಿಯಿತು. ಅಷ್ಟೇ. ಕೋವಿಯೊಳಗೆ ಏನೂ ಆಗಲಿಲ್ಲ.

ಜಿಂಕೆ ತಲೆಯೆತ್ತಿ ನೋಡಿತು. ಉರಿ ಒಳಹೋಗುವ ಕಿಂಡಿಯನ್ನು ನಾನು ಸೂಜಿಯಿಂದ ಚುಚ್ಚಿ ಮತ್ತೆ ರಂಜಕ ಹಾಕಿದೆ. ಮತ್ತೆ ಫಕ್. ಜಿಂಕೆ ಒಂದು ಎಳೆ ಕಡ್ಡಿ ಕಿತ್ತು ಮೆಲ್ಲತೊಡಗಿತು. ಮೂರನೇ ಸಲ ಫಕ್ ಎಂದಾಗ ಬಾಲವೆತ್ತಿ ನಿಧಾನವಾಗಿ ನಡೆದು ಹೋಯಿತು. ಮೇಲಿನ ಬಂಡೆಯ ಹಿಂದೆ ಯಾರೋ ಉಸಿರು ಸಿಕ್ಕಿಕೊಂಡವರಂತೆ ಒದ್ದಾಡುತ್ತಿದ್ದರು. ಅದು ಮರ್ಲ್, ನಗುತ್ತಿದ್ದ.

ನಾನು ಗುಂಡು ಹೊರಗೆಳೆದು ನಳಿಗೆ ಬೋರಲು ಹಾಕಿ ಮದ್ದನ್ನು ಹಿಮದ ಮೇಲೆ ಸುರಿದೆ. ಎರಡು ಪುಟ್ಟ ಹಕ್ಕಿಗಳು ಇಳಿದು ಅದನ್ನು ಹೆಕ್ಕತೊಡಗಿದವು.

"ಲೋ ಎಮರಿ, ನಿನ್ನ ಮದ್ದನ್ನ ಹಕ್ಕಿ ತಿಂತಿದೆ ಕಣೋ!"

"ಮದ್ದಿನಲ್ಲಿ ಪೆಟ್ಲುಪ್ಪು ಇರುತ್ತೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಉಪ್ಪು ಬೇಕಾಗುತ್ತೆ. ಇಷ್ಟೂ ಗೊತ್ತಿಲ್ವಾ?" ಎಂದೆ.

ಕ್ಯಾಂಪಿಗೆ ಬಂದಾಗ ಅಮೋಸ್ ಆಗಲೇ ಕತ್ತರಿ ಒರೆಸುತ್ತಿದ್ದರು. ಮರ್ಲ್ ನನಗಿಂತ ಮೊದಲು ಓಡಿ ತಲುಪಿದ್ದ.

"ಬಾ ಮರಿ, ಹಿಂದೆ ತಿರುಗು" ಎಂದರು ಅಮೋಸ್.

"ಯಾಕೆ? ಗುಂಡೇ ಹೊರಡಲಿಲ್ಲ. ಹೊರಡದ ಗುಂಡು ಗುರಿ ತಪ್ಪೋದು ಹೇಗೆ?"

"ಟ್ರಿಗರ್ ಒತ್ತಿದೆ. ಜಿಂಕೆ ಹೋಯ್ತು. ನಮ್ಮಲ್ಲಿ ಅಷ್ಟೇ ಲೆಕ್ಕ."

"ಒಂದಲ್ಲ ಅಜ್ಜ, ಮೂರು ಸಲ ಒತ್ತಿದ! ಅಂಗಿ ಸಾಕಾಗಲ್ಲ, ಪ್ಯಾಂಟಿಗೂ ಕೈ ಹಾಕಿ" ಎಂದ ಮರ್ಲ್.

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಿಯ ಬಾಲವನ್ನು ಪ್ಯಾಂಟಿನೊಳಗೆ ಇನ್ನಷ್ಟು ತುರುಕಿ, ಬೆನ್ನನ್ನು ಗೋಡೆಗೆ ಒತ್ತಿ ನಿಂತೆ. ಅಪ್ಪನ ಅಂಗಿ ಅದು. ಇಪ್ಪತ್ತೇಳು ವರ್ಷ ಅವರು ಕಾಪಾಡಿದ್ದನ್ನು ಯಾವನೋ ಮದ್ದು ಮಾರುವವನ ಮೋಸಕ್ಕಾಗಿ ಕತ್ತರಿಸಿಕೊಳ್ಳಲೇ? "ತಪ್ಪು ಮದ್ದಿಂದು. ಸಾಬೀತು ಮಾಡ್ತೀನಿ. ಮಾಡಿದ್ರೆ ಕತ್ತರಿ ಕೆಳಗಿಡ್ತೀರಾ?" ಎಂದೆ.

ಅಮೋಸ್ ಒಮ್ಮೆ ಅಂಗಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು. "ಸರಿ. ಮಾಡು, ನೋಡೋಣ" ಎಂದರು.

ಕಣಿವೆಯ ಕೆಳಗೆ ಹಾರ್ಲನ್ ಎಂಬುವನ ಅಂಗಡಿ. ಆ ಸಣ್ಣ ಕಾಳಿನ ಮದ್ದನ್ನು ನಾನು ಅಕ್ಟೋಬರಿನಲ್ಲಿ ಕೊಂಡದ್ದು ಅವನಲ್ಲೇ. ನಾನು ನೇರ ಅಲ್ಲಿಗೆ ಹೋದಾಗ ಅಂಗಡಿಯಲ್ಲಿ ಐದಾರು ಬೇಟೆಗಾರರು ಒಲೆಯ ಸುತ್ತ ಕಾಫಿ ಕುಡಿಯುತ್ತಿದ್ದರು. ವನ್ಯಜೀವಿ ವಾರ್ಡನ್ ಟ್ರಾಟ್‌ಮನ್ ಎಂಬ ಎಳೆಯ ಹೆಣ್ಣುಮಗಳೂ ಇದ್ದಳು. ಇಂಥ ಸಭೆ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡು ಮದ್ದಿನ ಕೊಂಬನ್ನು ಗಲ್ಲಾದ ಹಲಗೆಯ ಮೇಲೆ ಕುಟ್ಟಿದೆ.

"ಹಾರ್ಲನ್, ಇದು ಮದ್ದಾ?"

ಹಾರ್ಲನ್ ಒಂದು ಚಿಟಿಕೆಯನ್ನು ಬಾಗಿಲಾಚೆ ಸಲಿಕೆಯ ಮೇಲೆ ಸುರಿದು ಕಡ್ಡಿ ಗೀರಿದ. ಎಲ್ಲರೂ ಹಿಂದೆ ಸರಿದರು. ಕಡ್ಡಿ ಬೆರಳವರೆಗೆ ಉರಿಯಿತು. ಕಾಳು ಚಟಚಟ ಎಂದಿತು. ಅಷ್ಟೇ.

"ಇದು ಮದ್ದಲ್ಲ" ಎಂದ ಹಾರ್ಲನ್.

"ಅದನ್ನೇ ನಾನೂ ಹೇಳ್ತಿರೋದು!"

"ನನ್ನ ಅಂಗಡೀದಲ್ಲ!"

"ನಿನ್ನ ಅಂಗಡೀದೇ! ಏನು ಬೆರೆಸಿದ್ದೀಯ ಇದಕ್ಕೆ? ಹೇಳು!"

"ನಾನ್ಯಾಕೆ ಬೆರೆಸ್ಲಿ? ಮದ್ದಿಗೆ ಏನು ಬೆರೆಸ್ತಾರೆ? ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದ್ದೀನಿ, ನನ್ನ ಮುಖಕ್ಕೇ ಕಲಬೆರಕೆ ಅಂತೀಯಾ?"

ಕಲಬೆರಕೆ ಎಂಬ ಮಾತನ್ನು ಮೊದಲು ಆಡಿದ್ದು ಹಾರ್ಲನ್. ಇದು ದಾಖಲಾಗಬೇಕು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಒಲೆಯ ಬಳಿಯಿದ್ದವರೆಲ್ಲ ತಮ್ಮ ತಮ್ಮ ಡಬ್ಬಿ ತೆಗೆದು ಮೂಸತೊಡಗಿದರು. ಇಬ್ಬರು ಬೆಳಿಗ್ಗೆ ತಾನೇ ಕೊಂಡದ್ದನ್ನು ಹಿಂದಕ್ಕೆ ತಳ್ಳಿದರು. ಒಬ್ಬ ಪಕ್ಕದ ಕಣಿವೆಯ ಕ್ಯಾಂಪಿಗೆ ಫೋನು ಮಾಡಿ, "ಹಾರ್ಲನ್ ಮದ್ದು ತುಂಬಬೇಡ್ರೋ, ಇಲ್ಲೊಬ್ಬನ ಕೋವಿ ಸಿಡಿದಿದೆ" ಎಂದ. ಸಿಡಿಯದೆ ಇದ್ದದ್ದೇ ಜಗಳ ಎಂದು ನಾನು ಕೂಗಿ ಹೇಳಿದರೂ ಅವನು ಕೇಳಿಸಿಕೊಳ್ಳಲಿಲ್ಲ. ಹಾರ್ಲನ್ ಸಲಿಕೆ ಎತ್ತಿಕೊಂಡು ನನ್ನ ಕಡೆಗೇ ಬರುತ್ತಿದ್ದ.

ವಾರ್ಡನ್ ನಡುವೆ ನಿಂತು ಸಲಿಕೆಯ ಮೇಲೆ ಮೂಗಿಟ್ಟಳು. "ವಿಚಿತ್ರ. ನನಗೆ ಹಸಿವಾಗ್ತಿದೆ" ಎಂದಳು. ಆಮೇಲೆ ತನ್ನ ಹುದ್ದೆ ನೆನಪಾಗಿ ಕಾಳನ್ನು ಲಕೋಟೆಗೆ ಹಾಕಿ ಮುಚ್ಚಿ, ನನ್ನ ಹೆಸರು ಬರೆದುಕೊಂಡಳು. ನಾನು ಕ್ಯಾಂಪಿಗೆ ಎದೆಯುಬ್ಬಿಸಿಕೊಂಡು ಮರಳಿದೆ. ಸರ್ಕಾರವೇ ಮದ್ದನ್ನು ವಶಪಡಿಸಿಕೊಂಡ ಮೇಲೆ ಇನ್ನೇನು ಸಾಕ್ಷಿ ಬೇಕು? ಅಮೋಸ್ ಕತ್ತರಿಯನ್ನು ಮೊಳೆಗೆ ತೂಗುಹಾಕಿ, "ವಾರ್ಡನ್ ವರದಿ ಬರಲಿ" ಎಂದರು.

ಮರುದಿನ ಮಧ್ಯಾಹ್ನ ಕ್ಯಾಂಪಿನ ಅಂಗಳಕ್ಕೆ ವಾರ್ಡನ್ನಿನ ಗಾಡಿ ಬಂತು. ಅದು ತೋರಿಸಿದ ದಾರಿಯಲ್ಲಿ ಹಿಂದೆಯೇ ನಮ್ಮದೇ ಕಾರು. ಪಾಲೆಟ್ ಇಳಿದಳು. ಆಮೇಲೆ ಕಪ್ಪು ಕೋಟು, ಹೂವಿನ ತಲೆವಸ್ತ್ರ, ಟವೆಲಿನಲ್ಲಿ ಸುತ್ತಿ ಎದೆಗವಚಿದ ಬಾಟಲಿ ಸಮೇತ ಅತ್ತೆ ಇಳಿದರು. ಆ ಕ್ಯಾಂಪಿಗೆ ಅದುವರೆಗೆ ಹೆಂಗಸರು ಕಾಲಿಟ್ಟದ್ದೇ ಇರಲಿಲ್ಲ. ಅಮೋಸ್ ಗಡಬಡಿಸಿ ಎದ್ದು ಕೂದಲು ಬಾಚಿಕೊಂಡರು.

ಅತ್ತೆ ಬಾಟಲಿಯನ್ನು ಮೇಜಿನ ಮೇಲಿಟ್ಟರು. "ನನ್ನ ಗಸಗಸೆ ಎಲ್ಲಿ?"

"ಯಾವ ಗಸಗಸೆ ಅತ್ತೆ?"

"ಅರೆಯೋಕೆ ಅಂತ ತೆಗೆದೆ. ಒಂದು ಕಾಳು ನಾಲಿಗೆ ಮೇಲಿಟ್ಟೆ. ಉಪ್ಪು, ಗಂಧಕ! ನನ್ನ ಗಂಡ ಗಣೀಲಿ ಮದ್ದು ಇಡೋ ಕೆಲಸ ಮಾಡ್ತಿದ್ದ ಕಣಯ್ಯ. ಅವನ ಮೀಸೇಲೂ ಇದೇ ರುಚಿ ಇತ್ತು. ನನಗೆ ಗೊತ್ತಾಗಲ್ವಾ? ಅರೆಯೋ ಕಲ್ಲಿಗೆ ಹಾಕಿದ್ರೆ ಮುದುಕಿ ಕಥೆ ಏನಾಗ್ತಿತ್ತು?"

ವಾರ್ಡನ್ ಲಕೋಟೆ ತೆರೆದು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ತಲೆಯಾಡಿಸಿದಳು. ವರದಿ ಅದೇ.

ಮರ್ಲ್ ನೆಲಕ್ಕೆ ಬಿದ್ದು ಹೊರಳಾಡಿದ್ದನ್ನು ನಾನು ವರ್ಣಿಸುವುದಿಲ್ಲ. ಪಾಲೆಟ್ ಮುಖ ಮುಚ್ಚಿಕೊಂಡು ಬಾಗಿಲ ಕಡೆ ತಿರುಗಿದಳು, ಭುಜ ಮಾತ್ರ ಕುಣಿಯುತ್ತಿತ್ತು. ಆದರೆ ನ್ಯಾಯ ನ್ಯಾಯವೇ. ತಕ್ಷಣ ಹೊಸ ವಾದ ಹೊಳೆಯಿತು. "ಅಮೋಸಜ್ಜ, ಕೇಳಿ. ಗಸಗಸೆ ತುಂಬಿದ ಕೋವಿ ತುಂಬಿದ ಕೋವಿಯೇ ಅಲ್ಲ. ಖಾಲಿ ಕೋವಿ ಹಿಡಿದವನು ಬೇಟೆಗಾರನಲ್ಲ, ಕಾಡಿನಲ್ಲಿ ತಿರುಗಾಡಲು ಬಂದವನು. ತಿರುಗಾಡುವವನು ಗುರಿ ತಪ್ಪುವ ಪ್ರಶ್ನೆ ಎಲ್ಲಿ ಬಂತು? ಬೇಕಾದ್ರೆ ವಾರ್ಡನ್ನಮ್ಮನ್ನ ಕೇಳಿ."

ವಾರ್ಡನ್ ತನ್ನ ನಿಯಮಪುಸ್ತಕ ತಿರುವಿದಳು. "ಇದರಲ್ಲಿ ಗಸಗಸೆ ವಿಷಯ ಇಲ್ಲ ಸರ್."

ಅಮೋಸ್ ಯೋಚಿಸಿದರು. "ಹುಡುಗ ಹೇಳೋದ್ರಲ್ಲಿ ಒಂದು ಅಂಶ ಇದೆ" ಎಂದರು. ಮರ್ಲ್ ನಗು ನಿಲ್ಲಿಸಿ ಎದ್ದು ಕೂತ. ನಾನು ಗೆದ್ದೇಬಿಟ್ಟೆ ಅಂದುಕೊಂಡೆ. ಆಗ ಅಮೋಸ್, "ಆದ್ರೆ ನಷ್ಟ ಆಗಿರೋದು ಈ ತಾಯಿಗೆ. ಅವರೇ ಹೇಳ್ಲಿ" ಎಂದು ಮೊಳೆಯಿಂದ ಕತ್ತರಿ ತೆಗೆದು ಅತ್ತೆಯ ಕೈಗಿಟ್ಟರು.

ಅತ್ತೆ ಮೂವತ್ತು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಕತ್ತರಿ ಕೈಗೆ ಬಂದದ್ದೇ ಅವರ ಬೆನ್ನು ನೆಟ್ಟಗಾಯಿತು. "ನಾಳೆ ಊಟಕ್ಕೆ ಉಂಡೆಗೆ ಹುಳಿಕೋಸು ಹಾಕ್ಬೇಕು ನಾನು. ಎಂಬತ್ನಾಲ್ಕು ವರ್ಷದಲ್ಲಿ ಮೊದಲ್ನೇ ಸಲ. ತಿರುಗಯ್ಯ" ಎಂದರು.

"ಅತ್ತೆ, ಅಪ್ಪನ ಅಂಗಿ ಇದು. ಬೇರೆ ಏನು ಬೇಕಾದ್ರೂ ಕತ್ತರಿಸಿ. ಇದೊಂದು ಬೇಡ" ಎಂದೆ.

ಅವರು ನನ್ನ ತೋಳು ಹಿಡಿದು ತಿರುಗಿಸಿ, ಅಂಗಿಯ ಬಾಲವನ್ನು ಪ್ಯಾಂಟಿನಿಂದ ಎಳೆದು, ಕಿಟಕಿಯ ಬೆಳಕಿಗೆ ಹಿಡಿದರು. ಕತ್ತರಿ ಆಡಲಿಲ್ಲ. ಬೆರಳು ಬಟ್ಟೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ವಾಪಸ್ ಬಂತು.

"ಇದನ್ನ ಆಗ್ಲೇ ಯಾರೋ ಕತ್ತರಿಸಿದ್ದಾರಲ್ಲ" ಎಂದರು ಅತ್ತೆ.

"ಸಾಧ್ಯವಿಲ್ಲ!"

"ಕತ್ತರಿಸಿ ಮತ್ತೆ ಹೊಲಿದಿದ್ದಾರೆ. ಚೌಕುಳಿಯ ಕಪ್ಪು ಪಟ್ಟೆ ಮೇಲೇ ಹೊಲಿಗೆ ಹಾಕಿದ್ದಾರೆ, ಕಾಣಬಾರ್ದು ಅಂತ. ಬೂಟು ಹೊಲಿಯೋ ದಾರ ಇದು. ಹೆಂಗಸಿನ ಕೈ ಅಲ್ಲ. ಗಂಡಸು ಕೂತು ಹೊಲಿದಿರೋದು, ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡನೋ ಏನೋ."

ನಾನು ಅಮೋಸರ ಕಡೆ ತಿರುಗಿದೆ. ಅಮೋಸ್ ಒಲೆಯ ಕಡೆ ತಿರುಗಿದ್ದರು.

"ಅಜ್ಜ."

"ಎಪ್ಪತ್ತೆಂಟರ ಜನವರಿ," ಎಂದರು ಅಮೋಸ್, ಒಲೆಗೇ ಹೇಳುವಂತೆ. "ಆ ಜಿಂಕೆ ಇಪ್ಪತ್ತು ಹೆಜ್ಜೇಲಿತ್ತು. ನಾನೇ ಕತ್ತರಿಸಿದೆ. ರಾತ್ರಿ ಊಟ ಮಾಡ್ಲಿಲ್ಲ ನಿಮ್ಮಪ್ಪ. ಮುಂದಿನ ವರ್ಷ ಹುಡುಗನಿಗೆ ಹನ್ನೆರಡು ತುಂಬುತ್ತೆ, ಕ್ಯಾಂಪಿಗೆ ಬರ್ತಾನೆ, ಬಂದ ತಕ್ಷಣ ಗೋಡೆ ಓದ್ತಾನೆ, ಅದನ್ನ ವಾಪಸ್ ಕೊಟ್ಬಿಡು ಅಮೋಸ್ ಅಂದ. ಕೊಟ್ಟೆ. ಯಾರಿಗೂ ಹೇಳಲ್ಲ ಅಂತ ಮಾತೂ ಕೊಟ್ಟೆ."

ಮರ್ಲ್ ಕೂಡ ನಗಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಅಪ್ಪ ನನ್ನನ್ನು ಭುಜ ಹಿಡಿದು ಆ ಗೋಡೆಯೆದುರು ನಿಲ್ಲಿಸಿದ್ದರು. ನಾನು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದೆ. ಅಷ್ಟು ಹೊತ್ತೂ ಅವರ ಕೈ ನನ್ನ ಭುಜದ ಮೇಲೇ ಇತ್ತು.

"ಹೇಗೆ ತಪ್ಪಿತಂತೆ?" ಎಂದು ಕೇಳಿದೆ.

"ಮದ್ದು ಸರಿಯಿರಲಿಲ್ಲ ಅಂದ" ಎಂದರು ಅಮೋಸ್.

ಅತ್ತೆ ಕತ್ತರಿಯನ್ನು ಹಾಗೇ ಹಿಡಿದು ನಿಂತಿದ್ದರು. ಮೊದಲ ಸಲ ಅವರ ದನಿ ಮೆತ್ತಗಾಯಿತು. "ಏನು ಮಾಡ್ಲಿ, ಹೇಳು. ಬಿಡು ಅಂದ್ರೆ ಬಿಡ್ತೀನಿ."

"ಹೊಲಿಗೆ ಮೇಲೇ ಬಿಚ್ಚಿ ಅತ್ತೆ. ಬಟ್ಟೆಗೆ ಕತ್ತರಿ ತಾಗಿಸಬೇಡಿ" ಎಂದೆ.

ಅವರು ಕುರ್ಚಿ ಎಳೆದು ಕೂತು, ಕತ್ತರಿಯ ಮೊನೆಯಿಂದ ಒಂದೊಂದೇ ಎಳೆ ಬಿಡಿಸಿದರು. ಮರ್ಲ್ ಮೊಳೆ, ಸುತ್ತಿಗೆ ತಂದು, ಬಟ್ಟೆಯನ್ನು ಗೋಡೆಗೆ ಹೊಡೆದ. ಪೆನ್ಸಿಲು ತೆಗೆದು ಹಿರಾಮ್ ಫೆಟರಾಲ್ಫ್, ೧೯೭೮ ಎಂದು ಬರೆದ. ಅದರ ಕೆಳಗೆ ನನ್ನ ಹೆಸರು, ಈ ವರ್ಷದ ಇಸವಿ, ಮುಂದೆ ದೊಡ್ಡ ಅಕ್ಷರದಲ್ಲಿ ಗಸಗಸೆ ಎಂದೂ ಬರೆದ. ನಾನು ತಡೆಯಲಿಲ್ಲ. ನನ್ನ ವಿಷಯದಲ್ಲಿ ಅದು ಸತ್ಯ.

"ಅಪ್ಪನ ಹೆಸರಿನ ಮುಂದೂ ಬರಿ. ಮದ್ದು ಕೆಟ್ಟಿತ್ತು ಅಂತ ಬರಿ" ಎಂದೆ.

"ಲೋ, ಇಪ್ಪತ್ತು ಹೆಜ್ಜೆ ಕಣೋ! ಎಲ್ರೂ ಹೇಳೋ ಮಾತು ಅದು. ಗೋಡೆ ಮೇಲೆ ಯಾರೂ ಬರ್ಸಿಲ್ಲ."

ನಾನು ಅವನ ಕೈಯಿಂದ ಪೆನ್ಸಿಲು ಕಿತ್ತುಕೊಂಡು ಬೆಂಚು ಹತ್ತಿದೆ. ಚಳಿಗಾಲದ ಮದ್ದಿನ ವಿಷಯ ಆ ಕೋಣೆಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಅಪ್ಪನ ಹೆಸರಿನ ಪಕ್ಕದಲ್ಲಿ, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ, ಮದ್ದು ಕೆಟ್ಟಿತ್ತು ಎಂದು ನಾನೇ ಬರೆದೆ.